ಹಾರ್ಲಿ ಸ್ಟ್ರೀಟಿನ ಸರ್ಜನ್‌ಗಳನ್ನು ಕಲ್ಲಿದ್ದಲ ಊರಿಗೆ ಕಳಿಸಿದ ಮಂತ್ರಿ

1930ರ ದಶಕದ ಬ್ರಿಟನ್ನಿನಲ್ಲಿ ಒಳ್ಳೆಯ ಸರ್ಜನ್ ಎಲ್ಲಿ ಸಿಗ್ತಾರೆ ಅಂತ ತಿಳ್ಕೋಬೇಕಾದರೆ ರೋಗಿಗಳು ಎಲ್ಲಿದ್ದಾರೆ ಅಂತ ನೋಡಿ ಪ್ರಯೋಜನ ಇರಲಿಲ್ಲ, ದುಡ್ಡಿರೋರು ಎಲ್ಲಿದ್ದಾರೆ ಅಂತ ನೋಡಬೇಕಿತ್ತು. ಅಲ್ಲಿನ ಹೆಸರಾಂತ ಆಸ್ಪತ್ರೆಗಳು ದಾನದ ಹಣದಲ್ಲಿ ನಡೀತಿದ್ದವು. ದೊಡ್ಡ ತಜ್ಞರು ಅಲ್ಲಿ ಸಂಬಳ ಇಲ್ಲದೆ, ಗೌರವಕ್ಕೆ ಅಂತ ಕೆಲಸ ಮಾಡ್ತಿದ್ದರು. ಅಲ್ಲಿ ಸಿಕ್ಕ ಹೆಸರನ್ನು ಲಂಡನ್ನಿನ ಹಾರ್ಲಿ ಸ್ಟ್ರೀಟಿನ ಖಾಸಗಿ ಕ್ಲಿನಿಕ್‌ನಲ್ಲಿ ದುಡ್ಡಾಗಿ ಮಾಡ್ಕೊಳ್ತಿದ್ದರು. ಸಂಬಳ ಆಸ್ಪತ್ರೆಯಿಂದ ಬರದೇ ಇದ್ದಾಗ ತಜ್ಞ ಶ್ರೀಮಂತರ ಊರಲ್ಲೇ ಇರಬೇಕು. ಇದರಲ್ಲಿ ದುರಾಸೆಗಿಂತ ಹೆಚ್ಚಾಗಿ ಲೆಕ್ಕಾಚಾರ ಇದೆ. ಕಲ್ಲಿದ್ದಲು ಗಣಿಯ ಊರಲ್ಲಿ, ಹತ್ತಿ ಗಿರಣಿಯ ಊರಲ್ಲಿ ಸಾಮಾನ್ಯ ಡಾಕ್ಟರೇ ಹೊಟ್ಟೆ ಕೊಯ್ದು ಆಪರೇಷನ್ ಮಾಡ್ತಿದ್ದರು, ಇನ್ನೊಬ್ಬ ಸಾಮಾನ್ಯ ಡಾಕ್ಟರ್ ಕ್ಲೋರೋಫಾರ್ಮ್ ಹಿಡೀತಿದ್ದರು.

ಈ ಲೆಕ್ಕಾಚಾರವನ್ನು ಬುಡಮೇಲು ಮಾಡಿದವರು ಅನೈರಿನ್ ಬೆವನ್. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್ ಕಟ್ಟಿದ ಮಂತ್ರಿ. ಎಡಪಂಥೀಯರ ಗೋಡೆ ಮೇಲಿನ ಪಟಗಳಲ್ಲಿ ಅವರದ್ದೂ ಒಂದು. ಉಚಿತ ಚಿಕಿತ್ಸೆ ಕೊಟ್ಟವರು ಅಂತ ಅವರನ್ನು ನೆನೆಯೋರು ಬಹಳ. ಆದರೆ ಚಿಕಿತ್ಸೆ ಕೊಡೋ ತಜ್ಞರನ್ನು ಅವರು ಹೇಗೆ ಒಳಗೆ ತಂದರು, ಹೇಗೆ ಉಳಿಸಿಕೊಂಡರು, ಅದಕ್ಕೆ ಏನು ಬೆಲೆ ತೆತ್ತರು ಅನ್ನೋ ಕಥೆ ನಮ್ಮಲ್ಲಿ ಅಷ್ಟಾಗಿ ಚರ್ಚೆಯಾಗಲ್ಲ. ನನಗೆ ಅವರ ಬದುಕಿನಲ್ಲಿ ಅತ್ಯಂತ ಉಪಯೋಗಕ್ಕೆ ಬರೋ ಭಾಗ ಅದೇ.

ಬೆವನ್ ಹುಟ್ಟಿದ್ದು 1897ರ ನವೆಂಬರ್ 15ರಂದು, ವೇಲ್ಸ್‌ನ ಟ್ರೆಡೀಗರ್ ಅನ್ನೋ ಗಣಿ ಊರಲ್ಲಿ. ಅಪ್ಪ ಡೇವಿಡ್ ಗಣಿ ಕಾರ್ಮಿಕ, ಅಮ್ಮ ಫೀಬಿ ಬಟ್ಟೆ ಹೊಲೀತಿದ್ದರು. ಹತ್ತು ಮಕ್ಕಳ ಮನೆ, ಎಲ್ಲರೂ ಬದುಕಿ ದೊಡ್ಡವರಾಗಲಿಲ್ಲ. ಹುಡುಗನಿಗೆ ಉಗ್ಗು. ಹದಿಮೂರನೇ ವಯಸ್ಸಿಗೆ ಸ್ಕೂಲು ಬಿಟ್ಟು ಗಣಿಗೆ ಇಳಿದ. ಓದಿದ್ದೆಲ್ಲ ಕಾರ್ಮಿಕರೇ ಚಂದಾ ಎತ್ತಿ ನಡೆಸ್ತಿದ್ದ ಲೈಬ್ರರಿಯಲ್ಲಿ. ಉಗ್ಗುವ ಪದ ಬಾಯಿಗೆ ಬರೋ ಮೊದಲೇ ಅದೇ ಅರ್ಥದ ಇನ್ನೊಂದು ಪದ ಹುಡುಕಿ ಇಟ್ಕೊಳ್ಳೋದನ್ನು ರೂಢಿ ಮಾಡ್ಕೊಂಡಿದ್ದರು ಅಂತಾರೆ. ಮುಂದೆ ಪಾರ್ಲಿಮೆಂಟಿನಲ್ಲಿ ಚರ್ಚಿಲ್‌ಗೆ ಎದುರು ನಿಂತು ಮಾತಾಡಬಲ್ಲ ಕೆಲವೇ ಜನರಲ್ಲಿ ಒಬ್ಬರಾದರು.

ಗಣಿಯ ಕತ್ತಲಲ್ಲಿ ದುಡಿದವರಿಗೆ ಬರುತ್ತಿದ್ದ ಕಣ್ಣುಗುಡ್ಡೆ ಅದುರುವ ಕಾಯಿಲೆ ಅವರಿಗೂ ಬಂತು. ಅಪ್ಪನ ಶ್ವಾಸಕೋಶದಲ್ಲಿ ಕಲ್ಲಿದ್ದಲ ಧೂಳು ತುಂಬಿತ್ತು. 1925ರಲ್ಲಿ ತೀರಿಕೊಂಡರು. ಆ ಕಾಯಿಲೆಯನ್ನು ಕೆಲಸದಿಂದ ಬಂದದ್ದು ಅಂತ ಕಾನೂನು ಆಗ ಒಪ್ಪಿರಲಿಲ್ಲವಾದ್ದರಿಂದ ಕುಟುಂಬಕ್ಕೆ ಪರಿಹಾರ ಸಿಗಲಿಲ್ಲ.

ಆದರೆ ಟ್ರೆಡೀಗರ್‌ನಲ್ಲಿ ಬೇರೆ ಊರುಗಳಲ್ಲಿ ಅಪರೂಪವಾದ ಒಂದು ವ್ಯವಸ್ಥೆ ಇತ್ತು. 1890ರಲ್ಲಿ ಅಲ್ಲಿನ ಕಾರ್ಮಿಕರು ಸೇರಿ ಒಂದು ವೈದ್ಯಕೀಯ ನೆರವು ಸಂಘ ಕಟ್ಟಿಕೊಂಡಿದ್ದರು. ಕೂಲಿಯ ಪ್ರತಿ ಪೌಂಡಿಗೆ ಮೂರು ಪೆನ್ನಿ ಕಡಿತ. ಆ ಪುಡಿಗಾಸೆಲ್ಲ ಒಟ್ಟಾದಾಗ ಸಂಘವೇ ಡಾಕ್ಟರ್‌ಗಳನ್ನು ಸಂಬಳಕ್ಕೆ ಇಟ್ಕೊಳ್ತಿತ್ತು. ಆ ಪಟ್ಟಿಯಲ್ಲಿ ಒಬ್ಬ ಸರ್ಜನ್, ಒಬ್ಬ ದಂತವೈದ್ಯ, ಒಬ್ಬ ಫಿಸಿಯೋಥೆರಪಿಸ್ಟ್ ಕೂಡ ಇದ್ದರು. ಊರಿನ ಬಹುಪಾಲು ಜನ ಅದರ ಆಸರೆಯಲ್ಲಿದ್ದರು. ಕಾದಂಬರಿಕಾರ ಎ.ಜೆ. ಕ್ರೋನಿನ್ ಬರವಣಿಗೆಗೆ ಇಳಿಯೋ ಮೊದಲು ಇದೇ ಸಂಘದಲ್ಲಿ ಡಾಕ್ಟರ್ ಆಗಿದ್ದರು. ಬೆವನ್ 1920ರ ದಶಕದಲ್ಲಿ ಇದರ ಆಸ್ಪತ್ರೆ ಸಮಿತಿಯಲ್ಲಿ ಕೂತು ಕೆಲಸ ಮಾಡಿದರು. ಬಡವರ ಊರಿಗೆ ಸರ್ಜನ್ ಬರಲ್ಲ ಅನ್ನೋದು ಪ್ರಕೃತಿ ನಿಯಮವಲ್ಲ, ಸಂಬಳ ಖಚಿತವಾಗಿದ್ದರೆ ಬರ್ತಾರೆ ಅನ್ನೋದನ್ನು ಅವರು ಪುಸ್ತಕದಿಂದ ಕಲಿತದ್ದಲ್ಲ. ಸಮಿತಿಯ ಲೆಕ್ಕದ ಪುಸ್ತಕ ನೋಡಿ ಕಲಿತದ್ದು.

1929ರಲ್ಲಿ ಎಬ್ಬು ವೇಲ್ ಕ್ಷೇತ್ರದಿಂದ ಲೇಬರ್ ಪಕ್ಷದ ಸಂಸದರಾದರು, ಸಾಯೋವರೆಗೂ ಅದೇ ಕ್ಷೇತ್ರ. 1934ರಲ್ಲಿ ಸಹ ರಾಜಕಾರಣಿ ಜೆನ್ನಿ ಲೀ ಜೊತೆ ಮದುವೆ. 1939ರಲ್ಲಿ ಸ್ವಂತ ಪಕ್ಷವೇ ಸ್ವಲ್ಪ ಕಾಲ ಹೊರಗೆ ಹಾಕಿತ್ತು. ಯುದ್ಧ ಮುಗಿದು 1945ರಲ್ಲಿ ಲೇಬರ್ ಭಾರೀ ಬಹುಮತದಿಂದ ಗೆದ್ದಾಗ, ಮಂತ್ರಿಗಿರಿಯ ಅನುಭವವೇ ಇಲ್ಲದ, 47 ವರ್ಷದ ಈ ಬಂಡುಕೋರನನ್ನು ಪ್ರಧಾನಿ ಆಟ್ಲಿ ಆರೋಗ್ಯ ಮಂತ್ರಿ ಮಾಡಿದರು. ವಸತಿ ಖಾತೆಯೂ ಅವರ ತಲೆ ಮೇಲೇ ಇತ್ತು, ಅದು ಬೇರೆ ಕಥೆ.

ಮೊದಲ ಜಗಳ ಆಗಿದ್ದು ಸಂಪುಟದ ಒಳಗೇ. ಆಸ್ಪತ್ರೆಗಳನ್ನು ಯಾರು ನಡೆಸಬೇಕು? ಹಿರಿಯ ಮಂತ್ರಿ ಹರ್ಬರ್ಟ್ ಮಾರಿಸನ್, ನಗರಸಭೆಗಳ ಕೈಗೆ ಕೊಡೋಣ ಅಂದರು. ಕೇಳೋಕೆ ಪ್ರಜಾಪ್ರಭುತ್ವದ ಮಾತು. ಬೆವನ್ ಒಪ್ಪಲಿಲ್ಲ. ಬಡ ನಗರಸಭೆಗೆ ಒಬ್ಬ ನರರೋಗ ತಜ್ಞರನ್ನು ಇಟ್ಕೊಳ್ಳೋ ಶಕ್ತಿಯೂ ಇಲ್ಲ, ಅಷ್ಟು ರೋಗಿಗಳೂ ಅಲ್ಲಿರಲ್ಲ. ಶ್ರೀಮಂತ ನಗರಸಭೆ ಮೊದಲಿದ್ದ ಹಾಗೇ ಒಳ್ಳೆಯವರನ್ನೆಲ್ಲ ಎಳ್ಕೊಳ್ಳುತ್ತೆ. ಜೊತೆಗೆ ಕೌನ್ಸಿಲರ್‌ಗಳ ಕೈಕೆಳಗೆ ಕೆಲಸ ಮಾಡೋದಂದ್ರೆ ತಜ್ಞರಿಗೆ ಆಗಿಬರ್ತಿರಲಿಲ್ಲ ಅನ್ನೋದೂ ಅವರಿಗೆ ಗೊತ್ತಿತ್ತು. ಕೊನೆಗೆ ಬೆವನ್ ಗೆದ್ದರು. 1946ರ ಕಾಯ್ದೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,700 ಆಸ್ಪತ್ರೆಗಳನ್ನು ರಾಷ್ಟ್ರೀಕರಣ ಮಾಡಿತು. ಅವನ್ನು ನಡೆಸೋಕೆ 14 ಪ್ರಾದೇಶಿಕ ಮಂಡಳಿಗಳು. ಬೋಧನಾ ಆಸ್ಪತ್ರೆಗಳಿಗೆ ಮಾತ್ರ ಪ್ರತ್ಯೇಕ ಆಡಳಿತ ಮಂಡಳಿ, ಅದೂ ದೊಡ್ಡ ಡಾಕ್ಟರ್‌ಗಳನ್ನು ಸಮಾಧಾನ ಮಾಡೋಕೆ.

ಈ ಮಂಡಳಿ ಅನ್ನೋದು ಸಣ್ಣ ಆಡಳಿತಾತ್ಮಕ ವಿವರ ಅಂತ ಕಾಣಬಹುದು, ಆದರೆ ನನ್ನ ಪ್ರಕಾರ ಇಡೀ ಯೋಜನೆಯ ಕೀಲಿ ಇದೇ. ತಜ್ಞರ ನೇಮಕ ಆಗ್ತಿದ್ದದ್ದು ಒಂದು ಸಣ್ಣ ಆಸ್ಪತ್ರೆಗೆ ಅಲ್ಲ, ಲಕ್ಷಾಂತರ ಜನರಿರೋ ಒಂದು ಪ್ರದೇಶಕ್ಕೆ. ಎಲ್ಲಿ ಎಷ್ಟು ಹುದ್ದೆ ಬೇಕು ಅಂತ ಆ ಮಂಡಳಿ ನಕ್ಷೆ ಮುಂದಿಟ್ಕೊಂಡು ತೀರ್ಮಾನಿಸಬಹುದಿತ್ತು.

ಇನ್ನು ತಜ್ಞರನ್ನು ಒಪ್ಪಿಸೋದು. ಇಲ್ಲಿ ಯುದ್ಧ ಬೆವನ್‌ಗೆ ಅರ್ಧ ಕೆಲಸ ಮಾಡಿಕೊಟ್ಟಿತ್ತು. ಬಾಂಬ್ ದಾಳಿಯ ಭಯದಲ್ಲಿ ಸರ್ಕಾರ ತುರ್ತು ವೈದ್ಯಕೀಯ ಸೇವೆ ಅಂತ ಒಂದನ್ನು ಶುರು ಮಾಡಿ, ಲಂಡನ್ನಿನ ತಜ್ಞರಿಗೆ ಸಂಬಳ ಕೊಟ್ಟು ಊರಾಚೆಯ ಆಸ್ಪತ್ರೆಗಳಿಗೆ ಕಳಿಸಿತ್ತು. ಅವುಗಳಲ್ಲಿ ಎಷ್ಟೋ ಹಳೇ ವರ್ಕ್‌ಹೌಸ್‌ಗಳು, ಅಂದರೆ ಗತಿ ಇಲ್ಲದವರನ್ನು ಕೂಡಿಹಾಕ್ತಿದ್ದ ಕಟ್ಟಡಗಳು. ಹಾರ್ಲಿ ಸ್ಟ್ರೀಟಿನವರು ಮೊದಲ ಸಲ ಅಲ್ಲಿನ ವಾರ್ಡ್‌ಗಳ ಸ್ಥಿತಿ ನೋಡಿ ದಂಗಾದರು. ಹಾಗೇ ತಿಂಗಳಿಗೆ ಸರಿಯಾಗಿ ಸಂಬಳ ಬಂದರೆ ಬದುಕು ಅಷ್ಟೇನೂ ಕೆಟ್ಟದಾಗಿರಲ್ಲ ಅನ್ನೋದನ್ನೂ ಕಂಡುಕೊಂಡರು.

ಬೆವನ್ ಇದನ್ನು ಗಮನಿಸಿದ್ದರು. ಡಾಕ್ಟರ್‌ಗಳೆಲ್ಲ ಒಂದೇ ಗುಂಪಲ್ಲ ಅನ್ನೋದೇ ಅವರ ತಂತ್ರದ ತಳಪಾಯ. ಕುಟುಂಬ ವೈದ್ಯರು ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ ಹಿಂದೆ ಇದ್ದರು, ಅವರಿಗೆ ಸರ್ಕಾರಿ ನೌಕರರಾಗೋ ಭಯ. ತಜ್ಞರು ರಾಯಲ್ ಕಾಲೇಜುಗಳ ಕಡೆ ನೋಡ್ತಿದ್ದರು. ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನ ಅಧ್ಯಕ್ಷ ಲಾರ್ಡ್ ಮೋರಾನ್, ಚರ್ಚಿಲ್ ಅವರ ಖಾಸಗಿ ವೈದ್ಯ. ಜನ ಅವರಿಗೆ ಕಾರ್ಕ್‌ಸ್ಕ್ರೂ ಚಾರ್ಲಿ ಅಂತ ಅಡ್ಡಹೆಸರಿಟ್ಟಿದ್ದರು, ನೇರ ದಾರಿಯ ಮನುಷ್ಯ ಅಲ್ಲ ಅಂತ. ಗಣಿ ಕಾರ್ಮಿಕನ ಮಗ ಈ ಲಾರ್ಡ್ ಜೊತೆ ಕೂತು ಒಪ್ಪಂದ ಕುದುರಿಸಿದರು.

ಒಪ್ಪಂದದಲ್ಲಿ ಏನಿತ್ತು? ತಜ್ಞರಿಗೆ ಮೊದಲ ಬಾರಿಗೆ ಆಸ್ಪತ್ರೆ ಕೆಲಸಕ್ಕೆ ಒಳ್ಳೆಯ ಸಂಬಳ, ಪಿಂಚಣಿ. ಬೇಕಿದ್ದವರು ಪಾರ್ಟ್-ಟೈಮ್ ಆಗಿ ಸೇರಿ ಖಾಸಗಿ ಪ್ರಾಕ್ಟೀಸ್ ಮುಂದುವರಿಸಬಹುದು. ಸರ್ಕಾರಿ ಆಸ್ಪತ್ರೆಯ ಒಳಗೇ ಖಾಸಗಿ ರೋಗಿಗಳಿಗೆ ಕೆಲವು ಹಾಸಿಗೆ ಇಟ್ಕೊಳ್ಳಬಹುದು. ಇಷ್ಟರ ಮೇಲೆ 1948ರಲ್ಲಿ ಸ್ಪೆನ್ಸ್ ಸಮಿತಿ ಹೇಳಿದ ಹಾಗೆ ವಿಶೇಷ ಸಾಧನೆಯ ಭತ್ಯೆ. ಅದು ಸುಮಾರು ಮೂರನೇ ಒಂದು ಭಾಗ ತಜ್ಞರಿಗೆ ಸಿಗೋದು, ಮೇಲಿನ ದರ್ಜೆಯವರಿಗೆ ವರ್ಷಕ್ಕೆ 2,500 ಪೌಂಡ್. ಯಾರಿಗೆ ಸಿಕ್ಕಿತು ಅನ್ನೋದು ಗುಟ್ಟು. ಆಯ್ಕೆ ಸಮಿತಿಗೆ ಅಧ್ಯಕ್ಷರು ಯಾರು? ಅದೇ ಲಾರ್ಡ್ ಮೋರಾನ್.

ಬೆವನ್ ತಜ್ಞರನ್ನು ಚಿನ್ನ ಕೊಟ್ಟು ಕೊಂಡುಕೊಂಡರು ಅನ್ನೋ ಆಪಾದನೆ ಬಂದಿದ್ದು ಇಲ್ಲಿಂದ. ಅವರದೇ ಪಕ್ಷದ ಎಡಗಡೆಯವರಿಗೆ ಖಾಸಗಿ ಹಾಸಿಗೆ ಅಂದ್ರೆ ದ್ರೋಹ. ನನ್ನ ಓದು ಬೇರೆ. ಎಲ್ಲರೂ ಕಣ್ಣು ನೆಟ್ಟದ್ದು ಈ ಚಿನ್ನದ ಮೇಲೆ, ಅದರ ಕೆಳಗಿದ್ದ ಸಂಬಳ ಪಟ್ಟಿಯನ್ನು ನೋಡಿದವರು ಕಮ್ಮಿ. ಆ ಪಟ್ಟಿಯಲ್ಲಿ ಸರ್ಜನ್‌ಗೂ ಅರಿವಳಿಕೆ ತಜ್ಞರಿಗೂ ಮನೋವೈದ್ಯರಿಗೂ ಪೆಥಾಲಜಿಸ್ಟ್‌ಗೂ ಒಂದೇ ಮೂಲ ವೇತನ. ಲಂಡನ್‌ನಲ್ಲೂ ಅಷ್ಟೇ, ವೇಲ್ಸ್‌ನ ಕಣಿವೆಯಲ್ಲೂ ಅಷ್ಟೇ.

ಇದು ಯಾಕೆ ದೊಡ್ಡದು ಅಂತ ಎಂಜಿನಿಯರಿಂಗ್ ಓದಿದ ನನ್ನಂಥವನಿಗೆ ಬೇಗ ಹೊಳೆಯುತ್ತೆ. ಸಾಲಾಗಿ ಜೋಡಿಸಿದ ಯಂತ್ರಗಳ ಒಟ್ಟು ವೇಗ ಅಂದರೆ ಅದರಲ್ಲಿ ಅತೀ ನಿಧಾನದ ಯಂತ್ರದ ವೇಗ. ಕೆಲವು ವರ್ಷದ ಹಿಂದೆ ವರದಿಗೆ ಅಂತ ಹೋಗಿದ್ದ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಹೊಸ ಆಪರೇಷನ್ ಥಿಯೇಟರ್ ಇತ್ತು, ಪ್ರಸೂತಿ ತಜ್ಞೆ ಇದ್ದರು, ನರ್ಸ್‌ಗಳಿದ್ದರು. ಅರಿವಳಿಕೆ ಕೊಡೋರು ವಾರಕ್ಕೆ ಎರಡು ದಿನ ಜಿಲ್ಲಾ ಕೇಂದ್ರದಿಂದ ಬರ್ತಿದ್ದರು. ಉಳಿದ ಐದು ದಿನ ಸಿಸೇರಿಯನ್ ಬೇಕಾದ ಹೆಂಗಸರನ್ನು ಆಂಬುಲೆನ್ಸ್ ಹತ್ತಿಸೋದೇ ಕೆಲಸ. ದಾಖಲೆಯಲ್ಲಿ ಆ ಆಸ್ಪತ್ರೆಗೆ ತಜ್ಞರು ಇದ್ದರು. ಆಪರೇಷನ್ ಮಾತ್ರ ಇರಲಿಲ್ಲ.

ಯುದ್ಧಪೂರ್ವದ ಬ್ರಿಟನ್ನಿನಲ್ಲೂ ಇದೇ ಸಮಸ್ಯೆ. ರೋಗಿ ಹುಡುಕಿಕೊಂಡು ಬರೋದು ಸರ್ಜನ್‌ನ, ಅರಿವಳಿಕೆ ಕೊಡೋರನ್ನಲ್ಲ. ಖಾಸಗಿ ಸಂಪಾದನೆಯನ್ನೇ ನಂಬಿದ್ದರೆ ಆ ವಿದ್ಯೆಗೆ ಯಾರು ಬರ್ತಾರೆ? ಸಮಾನ ಸಂಬಳದ ಹುದ್ದೆ ಬಂದ ಮೇಲೆ ಅರಿವಳಿಕೆ ಅನ್ನೋದು ಪೂರ್ತಿ ಜೀವನದ ವೃತ್ತಿಯಾಯ್ತು. 1948ರಲ್ಲೇ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಒಳಗೆ ಅರಿವಳಿಕೆ ತಜ್ಞರಿಗೆ ಅಂತ ಪ್ರತ್ಯೇಕ ವಿಭಾಗವೂ ಶುರುವಾಯ್ತು. ಖಾಸಗಿ ರೋಗಿಗಳು ಕಮ್ಮಿ ಇರೋ ಊರುಗಳಿಗೂ ಇದೇ ತರ್ಕ. ಸಂಬಳ ಎಲ್ಲಾ ಕಡೆ ಒಂದೇ ಆದಾಗ, ಲಂಡನ್‌ನಲ್ಲಿ ಹತ್ತು ವರ್ಷ ಕಾಯೋದಕ್ಕಿಂತ ಸಣ್ಣ ಊರಲ್ಲಿ ಈಗಲೇ ಕನ್ಸಲ್ಟೆಂಟ್ ಆಗೋದು ಮೇಲು ಅಂತ ಯುವ ತಜ್ಞರಿಗೆ ಅನ್ನಿಸತೊಡಗಿತು. ಮೊದಲ ಹದಿನೈದು ವರ್ಷಗಳಲ್ಲಿ ಪ್ರಾಂತ್ಯದ ಆಸ್ಪತ್ರೆಗಳಿಗೆ ತರಬೇತಾದ ತಜ್ಞರು ಹಂಚಿಹೋದದ್ದು ಎನ್‌ಎಚ್‌ಎಸ್‌ನ ಅತಿ ದೊಡ್ಡ ಸಾಧನೆಗಳಲ್ಲಿ ಒಂದು ಅಂತ ಅದರ ಟೀಕಾಕಾರರೂ ಒಪ್ತಾರೆ. ಹೊಸ ಆಸ್ಪತ್ರೆಗಳನ್ನು ಕಟ್ಟೋಕೆ ಆ ಕಾಲದಲ್ಲಿ ಹೆಚ್ಚು ಹಣ ಇರಲಿಲ್ಲ. ಅದೇ ಹಳೇ ಕಟ್ಟಡ, ಒಳಗಿದ್ದ ಡಾಕ್ಟರ್ ಬೇರೆ.

ಕುಟುಂಬ ವೈದ್ಯರ ಜೊತೆಗಿನ ಜಗಳ ಮಾತ್ರ ಕೊನೇ ಗಳಿಗೆವರೆಗೂ ನಡೀತು. 1948ರ ಫೆಬ್ರವರಿಯಲ್ಲಿ ಅಸೋಸಿಯೇಷನ್ ಮತ ಹಾಕಿಸಿದಾಗ 40 ಸಾವಿರಕ್ಕೂ ಹೆಚ್ಚು ಡಾಕ್ಟರ್‌ಗಳು ಕಾಯ್ದೆಯ ವಿರುದ್ಧ, 5 ಸಾವಿರಕ್ಕೂ ಕಮ್ಮಿ ಪರ. ಬೆವನ್ ಬಗ್ಗಲಿಲ್ಲ, ಆದರೆ ಏಪ್ರಿಲ್‌ನಲ್ಲಿ ಮೋರಾನ್ ಸಲಹೆಯಂತೆ ಒಂದು ಹೆಜ್ಜೆ ಹಿಂದೆ ಇಟ್ಟರು. ಪೂರ್ಣಾವಧಿ ಸಂಬಳದ ನೌಕರಿಯನ್ನು ಕುಟುಂಬ ವೈದ್ಯರ ಮೇಲೆ ಹೇರಲ್ಲ ಅಂತ ಕಾನೂನಿನ ಭರವಸೆ ಕೊಟ್ಟರು. ಮೋರಾನ್ ಅವರಿಗೂ ತಮ್ಮವರಿಂದ ಬಿಸಿ ಮುಟ್ಟಿತ್ತು, ಆ ವರ್ಷ ಕಾಲೇಜಿನ ಅಧ್ಯಕ್ಷ ಸ್ಥಾನ ಉಳಿದಿದ್ದು ಐದೇ ಮತಗಳಲ್ಲಿ. ಮೇ ತಿಂಗಳ ಎರಡನೇ ಮತದಾನದಲ್ಲಿ ವಿರೋಧ ಕರಗಿತು. ಜುಲೈ 5ಕ್ಕೆ ಸೇವೆ ಶುರು.

ಇದೇ ಹೊತ್ತಲ್ಲಿ ನಮ್ಮಲ್ಲೇನಾಗ್ತಿತ್ತು? ಬ್ರಿಟನ್ನಿನ ಕಾಯ್ದೆ ಬಂದ 1946ರಲ್ಲೇ ಜೋಸೆಫ್ ಭೋರ್ ಸಮಿತಿಯ ವರದಿ ಬಂತು. ಸರ್ಕಾರಿ ಸಂಬಳ ತಗೊಳ್ಳೋ ಪೂರ್ಣಾವಧಿ ವೈದ್ಯರಿಗೆ ಖಾಸಗಿ ಪ್ರಾಕ್ಟೀಸ್ ಬೇಡ ಅಂತ ಅದು ಶಿಫಾರಸು ಮಾಡಿತು. ಬೆವನ್ ಅವರದ್ದಕ್ಕಿಂತ ಕಠಿಣ ನಿಲುವು. ಆದರೆ ಆ ನಿಷೇಧವನ್ನು ತಾಳಿಕೊಳ್ಳೋಕೆ ಬೇಕಾದ ಸಂಬಳ, ಸಲಕರಣೆ, ಬಡ್ತಿ ಯಾವುದನ್ನೂ ನಾವು ಪೂರ್ತಿಯಾಗಿ ಕಟ್ಟಲಿಲ್ಲ. ಕೇಂದ್ರ ಸರ್ಕಾರದ 2021-22ರ ಗ್ರಾಮೀಣ ಆರೋಗ್ಯ ಅಂಕಿಅಂಶದ ಪ್ರಕಾರ ದೇಶದ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಬೇಕಾದ ತಜ್ಞರಲ್ಲಿ ಶೇ. 80ರ ಹತ್ತಿರ ಕೊರತೆ, ಸರ್ಜನ್‌ಗಳದ್ದು ಶೇ. 83. ಕರ್ನಾಟಕ 2012ರಲ್ಲಿ ಕಡ್ಡಾಯ ಸೇವೆಯ ಕಾಯ್ದೆ ಮಾಡಿತು, ಅದರ ಪ್ರಕಾರ ಆಗ ಕೋರ್ಸ್ ಮುಗಿಸಿದವರು ಒಂದು ವರ್ಷ ಸರ್ಕಾರಕ್ಕೆ ದುಡೀಬೇಕಿತ್ತು. ಅದನ್ನು ನಾನು ವಿರೋಧಿಸಲ್ಲ, ತೆರಿಗೆ ಹಣದಲ್ಲಿ ಓದಿದವರು ಒಂದು ವರ್ಷ ಕೊಡೋದು ನ್ಯಾಯವೇ. ಆದರೆ ಒಂದು ವರ್ಷಕ್ಕೆ ಬಂದವರು ದಿನ ಎಣಿಸ್ತಾರೆ. ಬೆವನ್ ಬಾಂಡ್ ಬರೆಸಿಕೊಳ್ಳಲಿಲ್ಲ, ಇಡೀ ಜೀವನ ಕಳೆಯಬಹುದಾದ ಹುದ್ದೆ ಸೃಷ್ಟಿಸಿದರು.

ಹಾಗಂತ ಅವರ ಒಪ್ಪಂದದಲ್ಲಿ ಬಿರುಕು ಇರಲಿಲ್ಲ ಅಂತಲ್ಲ. ಗುಟ್ಟಿನ ಭತ್ಯೆ ಹೋಗಿ ಸೇರಿದ್ದು ಬಹಳಷ್ಟು ಬೋಧನಾ ಆಸ್ಪತ್ರೆಗಳಿಗೆ, ಹೃದಯ, ಮೆದುಳು ಇಂಥ ಪ್ರತಿಷ್ಠೆಯ ವಿಭಾಗಗಳಿಗೆ. ವೃದ್ಧರನ್ನು ನೋಡಿಕೊಳ್ಳೋರಿಗೆ, ಮಾನಸಿಕ ಆಸ್ಪತ್ರೆಯವರಿಗೆ ಸಿಕ್ಕಿದ್ದು ಕಮ್ಮಿ. ಒಂದು ಕೈಯಲ್ಲಿ ಸಮಾನ ಸಂಬಳ ಕೊಟ್ಟು ಇನ್ನೊಂದು ಕೈಯಲ್ಲಿ ಮೇಲುಕೀಳು ವಾಪಸ್ ತಂದ ಹಾಗಾಯ್ತು. ಭತ್ಯೆಯನ್ನು ದೂರದ ಊರಿಗೆ, ಯಾರೂ ಬರದ ವಿಭಾಗಕ್ಕೆ ಕಟ್ಟಿಹಾಕಿದ್ದರೆ ಅಷ್ಟೇ ಹಣದಲ್ಲಿ ಬೇರೆಯೇ ಫಲಿತಾಂಶ ಸಿಗ್ತಿತ್ತು. ಮೋರಾನ್ ಅದಕ್ಕೆ ಒಪ್ತಿದ್ದರಾ ಅನ್ನೋದು ಬೇರೆ ಪ್ರಶ್ನೆ.

ಕನ್ಸಲ್ಟೆಂಟ್ ಹುದ್ದೆಗಳನ್ನು ಬಿಗಿಯಾಗಿ ಎಣಿಸಿ ಇಟ್ಟಿದ್ದರಿಂದ ಕೆಳಗಿನ ಮೆಟ್ಟಿಲಲ್ಲಿ ತರಬೇತಿ ಮುಗಿಸಿದ ಹಿರಿಯ ರಿಜಿಸ್ಟ್ರಾರ್‌ಗಳು ಸಾಲುಗಟ್ಟಿ ನಿಂತರು. 1950ರ ಹೊತ್ತಿಗೇ ಅದು ಗಲಾಟೆಯಾಯ್ತು. ಎಷ್ಟೋ ಬ್ರಿಟಿಷ್ ಡಾಕ್ಟರ್‌ಗಳು ಕೆನಡಾ, ಆಸ್ಟ್ರೇಲಿಯಾ ಕಡೆ ಹಡಗು ಹತ್ತಿದರು. ಇದು ಸಾಲದು ಅಂತ 1957ರಲ್ಲಿ ಹೆನ್ರಿ ವಿಲಿಂಕ್ ಸಮಿತಿ, ದೇಶಕ್ಕೆ ಡಾಕ್ಟರ್‌ಗಳು ಜಾಸ್ತಿಯಾಗ್ತಾರೆ, ಮೆಡಿಕಲ್ ಸೀಟುಗಳನ್ನು ಸುಮಾರು ಹತ್ತನೇ ಒಂದು ಭಾಗ ಕಡಿಮೆ ಮಾಡಿ ಅಂತ ಹೇಳಿತು. ಈ ವಿಲಿಂಕ್ ಬೆವನ್‌ಗಿಂತ ಮೊದಲು ಆರೋಗ್ಯ ಮಂತ್ರಿಯಾಗಿದ್ದ ಕನ್ಸರ್ವೇಟಿವ್. ಲೆಕ್ಕ ಪೂರ್ತಿ ತಲೆಕೆಳಗಾಗಿತ್ತು. ಕೆಲವೇ ವರ್ಷಗಳಲ್ಲಿ ವಾರ್ಡ್‌ಗಳಲ್ಲಿ ಡಾಕ್ಟರ್‌ಗಳಿಲ್ಲ.

ಆ ಖಾಲಿ ಜಾಗ ತುಂಬಿದ್ದು ನಮ್ಮವರು. ಭಾರತದ, ಪಾಕಿಸ್ತಾನದ, ಶ್ರೀಲಂಕಾದ ಮೆಡಿಕಲ್ ಕಾಲೇಜುಗಳಲ್ಲಿ ಪಾಠ ಇಂಗ್ಲಿಷಿನಲ್ಲಿ, ಪಠ್ಯ ಬ್ರಿಟಿಷ್ ಮಾದರಿಯದ್ದು, ಭಾರತದ ಪದವಿಗೆ 1975ರವರೆಗೂ ಬ್ರಿಟನ್ನಿನಲ್ಲಿ ನೇರ ಮಾನ್ಯತೆ. ಸರ್ಜನ್ ಆಗೋ ಆಸೆಯಿಂದ ಹೋದವರಿಗೆ ಸಿಕ್ಕಿದ್ದು ಹೆಚ್ಚಾಗಿ ಬ್ರಿಟಿಷರು ಒಲ್ಲೆ ಅಂದ ವೃದ್ಧರ ವಾರ್ಡ್, ಮಾನಸಿಕ ಆಸ್ಪತ್ರೆ. ಇಲ್ಲವೇ ಕೈಗಾರಿಕಾ ಊರಿನ, ಗಣಿ ಕಣಿವೆಯ ಕುಟುಂಬ ವೈದ್ಯರ ಕೆಲಸ. ಬ್ರಿಟನ್ನಿನಲ್ಲಿ ವೃದ್ಧರ ವೈದ್ಯಶಾಸ್ತ್ರ ಬೆಳೆದದ್ದರಲ್ಲಿ ದಕ್ಷಿಣ ಏಷ್ಯಾದ ಡಾಕ್ಟರ್‌ಗಳ ಪಾಲು ಬಹಳ ದೊಡ್ಡದು. ಕನ್ನಡಿಗರೂ ಹೋದರು. 1983ರಲ್ಲಿ ಅಲ್ಲಿ ಶುರುವಾದ ಕನ್ನಡ ಬಳಗದ ಮೊದಲ ತಲೆಮಾರಿನಲ್ಲಿ ಡಾಕ್ಟರ್ ಕುಟುಂಬಗಳೇ ಎದ್ದು ಕಾಣ್ತಿದ್ದವು. ನಮ್ಮ ತೆರಿಗೆಯಲ್ಲಿ ಓದಿದ ತಜ್ಞ ಅಲ್ಲಿನ ಕೊರತೆ ತುಂಬಿದ, ಇಲ್ಲಿನ ಕೊರತೆ ಇಲ್ಲೇ ಉಳೀತು. ಹೋದವರನ್ನು ಬೈಯೋದು ಸುಲಭ. ಇಲ್ಲಿ ಅವರಿಗೆ ಯಾವ ಹುದ್ದೆ ಕಾದಿತ್ತು ಅಂತ ಕೇಳೋದು ಸ್ವಲ್ಪ ಕಷ್ಟ.

ಬೆವನ್ ಆ ಹೊತ್ತಿಗೆ ಅಧಿಕಾರದಲ್ಲಿ ಇರಲಿಲ್ಲ. ಕೊರಿಯಾ ಯುದ್ಧದ ಖರ್ಚಿಗೆ ಅಂತ ಹಣಕಾಸು ಮಂತ್ರಿ ಗೇಟ್‌ಸ್ಕೆಲ್ 1951ರ ಬಜೆಟ್‌ನಲ್ಲಿ ಹಲ್ಲಿನ ಸೆಟ್ಟು, ಕನ್ನಡಕಕ್ಕೆ ಶುಲ್ಕ ಹಾಕಿದಾಗ ರಾಜೀನಾಮೆ ಬಿಸಾಕಿ ಹೊರಬಂದರು. ಆಮೇಲಿನ ದಶಕ ಪಕ್ಷದೊಳಗಿನ ಕಾದಾಟದಲ್ಲೇ ಕಳೀತು. 1959ರಲ್ಲಿ ಲೇಬರ್ ಪಕ್ಷದ ಉಪನಾಯಕರಾದರು. ಅದೇ ಡಿಸೆಂಬರ್‌ನಲ್ಲಿ ಹೊಟ್ಟೆಯ ಆಪರೇಷನ್ ಆಯ್ತು, ಲಂಡನ್ನಿನ ರಾಯಲ್ ಫ್ರೀ ಅನ್ನೋ ಎನ್‌ಎಚ್‌ಎಸ್ ಆಸ್ಪತ್ರೆಯಲ್ಲಿ. ಕ್ಯಾನ್ಸರ್. 1960ರ ಜುಲೈ 6ರಂದು, ತಾವು ಕಟ್ಟಿದ ಸೇವೆಗೆ ಹನ್ನೆರಡು ವರ್ಷ ತುಂಬಿದ ಮಾರನೇ ದಿನ ತೀರಿಕೊಂಡರು. ವಯಸ್ಸು 62.

ಚಿತಾಭಸ್ಮವನ್ನು ಟ್ರೆಡೀಗರ್ ಮೇಲಿನ ಬೆಟ್ಟಗಳಲ್ಲಿ ಚೆಲ್ಲಿದರು. ಕೆಳಗಿನ ಗಣಿ ಕಣಿವೆಗಳ ಕ್ಲಿನಿಕ್‌ಗಳಿಗೆ ಮುಂದಿನ ಎರಡು ದಶಕಗಳಲ್ಲಿ ಭಾರತದಿಂದ ಡಾಕ್ಟರ್‌ಗಳು ಒಬ್ಬೊಬ್ಬರಾಗಿ ಬಂದರು. ವೇಲ್ಸ್ ಉಚ್ಚಾರಣೆ ಕಲಿತು, ಗಣಿಯವರ ಮೂರು ತಲೆಮಾರಿನ ಕೆಮ್ಮು ಕೇಳಿದರು. ಈಗ ಅವರೂ ನಿವೃತ್ತರಾಗಿದ್ದಾರೆ, ಎಷ್ಟೋ ಕಡೆ ಅವರ ಜಾಗಕ್ಕೆ ಜನ ಸಿಗ್ತಿಲ್ಲ.